ಹೊಗೆಯೋ, ಮಂಜೋ?

ತೀರ್ಥಹಳ್ಳಿ ತಾಲ್ಲೂಕಿನ ಪ್ರೌಢಶಾಲಾ ವಿಜ್ಞಾನ ಶಿಕ್ಷಕಿಯೊಬ್ಬರು ಬರೆದಿದ್ದಾರೆ: ‘ಕಳೆದ ಸಂಚಿಕೆಯಲ್ಲಿ ನೀವು ಸಾಕ್ಷ್ಯಕೇಂದ್ರಿತ ಪರೀಕ್ಷಾ ವಿನ್ಯಾಸವೆಂದು ಹೊಗಳಿದ್ದು ನಾವು ಬಿ.ಎಡ್. ತರಗತಿಯಲ್ಲಿ ಕಲಿತ ನೀಲನಕ್ಷೆಗೆ ಇಟ್ಟ ಹೊಸ ಹೆಸರಲ್ಲವೇ? ಅದರ ಬದಲು ಮಕ್ಕಳ ಬದುಕಿನಿಂದಲೇ ಪ್ರಶ್ನೆ ತೆಗೆದರೆ ಸಾಲದೇ? ನಮ್ಮ ಕಡೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಕೊಳೆ ಔಷಧಿ ಹದವಾಗಿದೆಯೇ ಎಂದು ಕಬ್ಬಿಣದ ಚಾಕು ಅದ್ದಿ ನೋಡುತ್ತಾರೆ. ರಾಜ್ಯಮಟ್ಟದ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕೇ?’

ಮಾನ್ಯರೇ,

ಚಾಕುವಿನ ಉದಾಹರಣೆ ನಮಗೆ ಬಹಳ ಹಿಡಿಸಿತು. ನಮ್ಮ ಉತ್ತರವನ್ನು ಅದರ ಮೇಲೆಯೇ ಕಟ್ಟುತ್ತೇವೆ. ಮೊದಲು ನೀಲನಕ್ಷೆಯ ಮಾತು ಮುಗಿಸೋಣ. ಯಾವ ಅಧ್ಯಾಯಕ್ಕೆ ಎಷ್ಟು ಅಂಕ, ಜ್ಞಾನ, ತಿಳುವಳಿಕೆ, ಅನ್ವಯ, ಕೌಶಲಗಳಿಗೆ ಎಷ್ಟೆಷ್ಟು, ಸುಲಭ ಎಷ್ಟು, ಕಠಿಣ ಎಷ್ಟು ಎಂಬುದನ್ನು ನೀಲನಕ್ಷೆ ಹೇಳುತ್ತದೆ. ಅದು ಅಂಕಗಳ ಹಂಚಿಕೆ, ಮತ್ತು ಆ ಕೆಲಸಕ್ಕೆ ಅದು ಬೇಕೇ ಬೇಕು. ಆದರೆ ‘ಅನ್ವಯ’ ಎಂಬ ಅಂಕಣದಲ್ಲಿ 2 ಅಂಕವೆಂದು ಬರೆದ ಮಾತ್ರಕ್ಕೆ ಆ ಪ್ರಶ್ನೆ ಅನ್ವಯವನ್ನು ಅಳೆಯುವುದಿಲ್ಲ. ಗೈಡಿನಲ್ಲಿ ಅದೇ ಪ್ರಶ್ನೆಗೆ ಉತ್ತರವಿದ್ದು ಮಗು ಅದನ್ನು ಬಾಯಿಪಾಠ ಮಾಡಿ ಬಂದಿದ್ದರೆ, ನಾವು ಅಳೆದದ್ದು ನೆನಪಿನ ಶಕ್ತಿಯನ್ನು. ಈ ಮಗು ಏನು ಬಲ್ಲದು ಎಂದು ಹೇಳಬಯಸುತ್ತೇವೆ, ಅದರ ಉತ್ತರದಲ್ಲಿ ಏನು ಕಂಡರೆ ಹಾಗೆ ಹೇಳಬಹುದು ಎಂಬ ಪ್ರಶ್ನೆಗಳನ್ನು ನೀಲನಕ್ಷೆ ಎಂದೂ ಕೇಳಿಕೊಳ್ಳುವುದಿಲ್ಲ.

ಈ ಪ್ರಶ್ನೆಗಳನ್ನೇ ಮೊದಲಿಗಿಟ್ಟು ಪರೀಕ್ಷೆ ಕಟ್ಟುವ ಸಾಕ್ಷ್ಯಕೇಂದ್ರಿತ ಕ್ರಮವನ್ನು 1990ರ ದಶಕದ ಕೊನೆಯಲ್ಲಿ ಅಮೆರಿಕದ ಎಜುಕೇಶನಲ್ ಟೆಸ್ಟಿಂಗ್ ಸರ್ವಿಸ್‌ನಲ್ಲಿದ್ದ ರಾಬರ್ಟ್ ಮಿಸ್ಲೆವಿ, ಲಿಂಡಾ ಸ್ಟೈನ್‌ಬರ್ಗ್ ಮತ್ತು ರಸೆಲ್ ಆಲ್ಮಂಡ್ ರೂಪಿಸಿದರು. ಇದಕ್ಕೆ ಅವರು ಆಧಾರವಾಗಿಟ್ಟುಕೊಂಡದ್ದು ತತ್ತ್ವಜ್ಞಾನಿ ಸ್ಟೀಫನ್ ಟೂಲ್ಮಿನ್ 1958ರಲ್ಲಿ ವಿವರಿಸಿದ ವಾದದ ರಚನೆಯನ್ನು: ಒಂದು ಪ್ರತಿಪಾದನೆ, ಅದಕ್ಕೆ ಆಧಾರ, ಆ ಆಧಾರದಿಂದ ಪ್ರತಿಪಾದನೆಗೆ ಹೋಗಲು ಸಮರ್ಥನೆ, ಜೊತೆಗೆ ಬೇರೆ ಕಾರಣವೂ ಇರಬಹುದೆಂಬ ಎಚ್ಚರ. ನಮ್ಮ ತರ್ಕಶಾಸ್ತ್ರದ ಓದುಗರಿಗೆ ಇದು ಹೊಸದಲ್ಲ. ಬೆಟ್ಟದಲ್ಲಿ ಬೆಂಕಿಯಿದೆ, ಹೊಗೆ ಕಾಣುತ್ತಿರುವುದರಿಂದ, ಎಂಬ ಅನುಮಾನದಲ್ಲಿ, ಅಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವ ತರ್ಕದಲ್ಲಿ, ಹೊಗೆಯೇ ಹೇತು, ಎಂದರೆ ತೀರ್ಮಾನಕ್ಕೆ ಆಧಾರ. ಆದರೆ ಆಗುಂಬೆಯ ಕಡೆ ಬೆಳಗಿನ ಹೊತ್ತು ಬೆಟ್ಟದ ಮೇಲೆ ಕಾಣುವುದೆಲ್ಲ ಹೊಗೆಯಲ್ಲ, ಹೆಚ್ಚಿನ ದಿನ ಅದು ಮಂಜು. ಪ್ರಶ್ನೆ ತೆಗೆಯುವವರ ಕಷ್ಟವೂ ಇದೇ: ಸರಿಯುತ್ತರವೆಂಬ ಹೊಗೆ ಕಂಡಿದೆ, ಒಳಗೆ ತಿಳುವಳಿಕೆಯೆಂಬ ಬೆಂಕಿ ಇದೆಯೇ?

ಈಗ ನಿಮ್ಮ ಚಾಕು. ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ತಲಾ ಒಂದು ಕಿಲೋ, ನೀರು ನೂರು ಲೀಟರ್ ಸೇರಿಸಿ ಶೇ. 1ರ ಬೋರ್ಡೋ ದ್ರಾವಣ, ಅಂದರೆ ಕೊಳೆ ಔಷಧಿ, ಮಾಡುತ್ತಾರೆ. ಅದರಲ್ಲಿ ಅದ್ದಿದ ಕಬ್ಬಿಣದ ಮೇಲೆ ಕೆಂಗಂದು ಲೇಪ ಕೂತರೆ, ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ, ಸುಣ್ಣ ಸಾಲದು ಎಂದು ಅರ್ಥ. ಹತ್ತನೆಯ ತರಗತಿಯ ಭಾಷೆಯಲ್ಲಿ ಹೇಳುವುದಾದರೆ ಇದು ಸ್ಥಾನಪಲ್ಲಟ ಕ್ರಿಯೆ: ಕಬ್ಬಿಣವು ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲವಾದ್ದರಿಂದ ಅದನ್ನು ಹೊರದೂಡಿ ತಾನು ದ್ರಾವಣಕ್ಕೆ ಇಳಿಯುತ್ತದೆ. ‘ಲೇಪ ಬಂದರೆ ಏನು ಮಾಡಬೇಕು?’ ಎಂದು ಕೇಳಿದರೆ ನಿಮ್ಮ ಊರಿನ ಅಡಿಕೆ ತೋಟದ ಮನೆಯ ಹುಡುಗ ‘ಇನ್ನಷ್ಟು ಸುಣ್ಣ ಹಾಕಬೇಕು’ ಎಂದು ಕಣ್ಣು ಮುಚ್ಚಿ ಬರೆಯುತ್ತಾನೆ, ಲೋಹಗಳನ್ನು ಕ್ರಿಯಾಶೀಲತೆಯ ಕ್ರಮದಲ್ಲಿ ಜೋಡಿಸಿದ ಪಟ್ಟಿಯಾದ ಕ್ರಿಯಾಶೀಲತೆಯ ಸರಣಿಯ ಹೆಸರೇ ತಿಳಿಯದಿದ್ದರೂ. ಆ ಸರಣಿಯನ್ನು ಚೆನ್ನಾಗಿ ಅರಿತ ರಾಯಚೂರಿನ ಹುಡುಗಿಯೊಬ್ಬಳು ಕೊಳೆ ಔಷಧಿಯನ್ನೇ ಕಂಡಿರದೆ ಪ್ರಶ್ನೆಯನ್ನು ಬಿಟ್ಟುಬಿಡಬಹುದು. ಅಲ್ಲಿ ಮಂಜು ಹೊಗೆಯಂತೆ ಕಂಡಿತು, ಇಲ್ಲಿ ಬೆಂಕಿಯಿದ್ದೂ ಹೊಗೆ ಏಳಲಿಲ್ಲ. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆಯುವ ಎಸ್‌ಎಸ್‌ಎಲ್‌ಸಿಯಂಥ ಪರೀಕ್ಷೆಯಲ್ಲಿ ಇದು ಸಣ್ಣ ದೋಷವಲ್ಲ. ನಿಮ್ಮ ತರಗತಿಯ ಪಾಠಕ್ಕೆ ಚಾಕುವಿನಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ, ಆದರೆ ರಾಜ್ಯಕ್ಕೆಲ್ಲ ಒಂದೇ ಆದ ಪರೀಕ್ಷೆಗೆ ಅದನ್ನು ಹಾಗೆಯೇ ಒಯ್ಯಲಾಗದು ಎಂಬುದು ನಮ್ಮ ಅಭಿಪ್ರಾಯ.

ಹಾಗೆಂದು ಅದನ್ನು ಬಿಡಬೇಕಿಲ್ಲ. ಸಾಕ್ಷ್ಯಕೇಂದ್ರಿತ ಕ್ರಮದಲ್ಲಿ ಪ್ರಶ್ನೆಗೆ ಮುಂಚೆ ಮೂರು ಸಂಗತಿಗಳನ್ನು ಬರೆದಿಡುತ್ತಾರೆ. ಮಗು ಏನು ಬಲ್ಲದೆಂದು ಹೇಳಬಯಸುತ್ತೇವೆ ಎಂಬುದು ವಿದ್ಯಾರ್ಥಿ ಮಾದರಿ, ಉತ್ತರದಲ್ಲಿ ಏನು ಕಂಡರೆ ಹಾಗೆ ಹೇಳಬಹುದು ಎಂಬುದು ಸಾಕ್ಷ್ಯ ಮಾದರಿ, ಅಂಥ ಉತ್ತರ ಹೊರಬರಲು ಎಂಥ ಪ್ರಶ್ನೆ ಬೇಕು ಎಂಬುದು ಕಾರ್ಯ ಮಾದರಿ. ನಮ್ಮ ಪ್ರತಿಪಾದನೆ ಹೀಗಿರಲಿ: ‘ಪ್ರಯೋಗವೊಂದರ ಫಲಿತಾಂಶವು ಏನನ್ನು ಸಾಧಿಸುತ್ತದೆ, ಏನನ್ನು ಸಾಧಿಸುವುದಿಲ್ಲ ಎಂಬುದನ್ನು ಮಗು ಲೋಹಗಳ ಕ್ರಿಯಾಶೀಲತೆಯ ಆಧಾರದಿಂದ ವಿವರಿಸಬಲ್ಲದು.’ ಇದಕ್ಕೆ ಹೊಂದುವ ಪ್ರಶ್ನೆಯಲ್ಲಿ ಔಷಧಿಯ ಸಂಗತಿ, ಚಾಕುವಿನ ಲೇಪ, ಅದರ ಅರ್ಥ ಎಲ್ಲವನ್ನೂ ನಾವೇ ಎರಡು ವಾಕ್ಯಗಳಲ್ಲಿ ಹೇಳಿಬಿಡುತ್ತೇವೆ. ಆಮೇಲೆ ಕೇಳುತ್ತೇವೆ: ‘ಒಬ್ಬರು ಚಾಕುವಿನ ಬದಲು ಬೆಳ್ಳಿಯ ಚಮಚ ಅದ್ದಿದರು, ಲೇಪ ಬರಲಿಲ್ಲ. ದ್ರಾವಣ ಹದವಾಗಿದೆ ಎಂದು ಅವರು ತೀರ್ಮಾನಿಸಿದ್ದು ಸರಿಯೇ? ಕಾರಣ ಕೊಡಿ.’ ಬೆಳ್ಳಿ ತಾಮ್ರಕ್ಕಿಂತ ಕಡಿಮೆ ಕ್ರಿಯಾಶೀಲ. ಬಿಡಿ ತಾಮ್ರವಿರಲಿ ಇಲ್ಲದಿರಲಿ ಅದರ ಮೇಲೆ ಲೇಪ ಬಾರದು, ಆದ್ದರಿಂದ ಆ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ಮನೆಯಲ್ಲಿ ಔಷಧಿ ಕದಡಿದ ಅನುಭವವೊಂದೇ ಇಲ್ಲಿ ಉತ್ತರ ಕೊಡದು. ಬರೀ ‘ಸರಿಯಲ್ಲ’ ಎಂದವರಿಗೆ ಅಂಕವಿಲ್ಲ, ಏಕೆಂದರೆ ಅದು ಊಹೆಗೂ ಸಿಗುವ ಮಾತು. ಬೆಳ್ಳಿಯ ಸ್ಥಾನ ಹೇಳಿದರೆ ಒಂದು ಅಂಕ. ಎರಡು ಸಂದರ್ಭಗಳಲ್ಲೂ ಲೇಪ ಬಾರದೆಂದು ತೋರಿಸಿದರೆ ಎರಡು. ಪ್ರಶ್ನೆಯ ಜೊತೆಯಲ್ಲೇ ಇದನ್ನು ಬರೆದಿಟ್ಟರೆ ಮೌಲ್ಯಮಾಪನ ಕೇಂದ್ರದಲ್ಲಿ ಕೂತು ‘ಇದಕ್ಕೆ ಅರ್ಧ ಕೊಡೋಣವೇ’ ಎಂದು ಚರ್ಚಿಸುವ ಪ್ರಮೇಯ ಕಡಿಮೆಯಾಗುತ್ತದೆ.

ಇಲ್ಲಿ ನೀವು ಒಂದು ಆಕ್ಷೇಪ ಎತ್ತಬಹುದು, ಎತ್ತಬೇಕು ಕೂಡ. ಸಂದರ್ಭವನ್ನೆಲ್ಲ ನಾವೇ ಹೇಳಹೊರಟರೆ ಪ್ರಶ್ನೆ ಉದ್ದವಾಗುತ್ತದೆ, ಆಗ ವಿಜ್ಞಾನದ ಬದಲು ಓದುವ ವೇಗವನ್ನು ಅಳೆದಂತಾಗುತ್ತದೆ, ಅದೂ ಮಂಜೇ. ಚಿಕ್ಕ ವಾಕ್ಯ, ಒಂದು ಚಿತ್ರ ಅಥವಾ ಕೋಷ್ಟಕ ಸ್ವಲ್ಪ ನೆರವಾಗಬಹುದು. ಅದಕ್ಕಿಂತ ಉಪಯುಕ್ತವಾದದ್ದು, ಕೆಲವೇ ಮಕ್ಕಳನ್ನು ಕೂರಿಸಿ, ಯೋಚಿಸುತ್ತಿರುವುದನ್ನು ಬಾಯಿಬಿಟ್ಟು ಹೇಳುತ್ತಾ ಉತ್ತರಿಸುವಂತೆ ಕೇಳಿ, ಅವರು ಎಲ್ಲಿ ಎಡವುತ್ತಾರೆ ಎಂದು ಗಮನಿಸುವುದು. ಇದಕ್ಕೆ ಸಮಯ ಬೇಕು, ಹಣ ಬೇಕು, ಪ್ರಶ್ನೆಯ ಗುಟ್ಟು ಉಳಿಸಿಕೊಳ್ಳುವ ಕಷ್ಟವೂ ಇದೆ. ಅಗ್ಗದ ದಾರಿಯೆಂದು ನಾವು ಹೇಳಲಾರೆವು.

ಆದರೆ ಈ ಶ್ರಮ ಒಂದೇ ಪ್ರಶ್ನೆಗೆ ಮುಗಿಯುವುದಿಲ್ಲ. ಕಾರ್ಯ ಮಾದರಿ ಒಮ್ಮೆ ಸಿದ್ಧವಾದರೆ ದ್ರಾವಣ ಮತ್ತು ಲೋಹಗಳನ್ನು ಬದಲಿಸಿ ಅದೇ ಪ್ರತಿಪಾದನೆಗೆ ಹಲವು ಪ್ರಶ್ನೆಗಳನ್ನು ತೆಗೆಯಬಹುದು. ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಎಸ್‌ಎಸ್‌ಎಲ್‌ಸಿ ಪರೀಕ್ಷೆಗಳು ನಡೆಯತೊಡಗಿದ ಮೇಲೆ, ಅವೆಲ್ಲವೂ ಒಂದೇ ತೂಕದವೆಂದು ಹೇಳಲು ಇಂಥದ್ದೊಂದು ಆಧಾರ ಬೇಕೆಂಬುದು ನಿಮಗೂ ಒಪ್ಪಿಗೆಯಾದೀತು.

ನಿಮ್ಮ ಶಾಲೆಯ ಕಿರುಪರೀಕ್ಷೆಗೆ ಇಷ್ಟೆಲ್ಲ ಬೇಕಿಲ್ಲ. ಪ್ರತಿ ಪ್ರಶ್ನೆಯ ಮುಂದೆ ‘ಇದಕ್ಕೆ ಸರಿಯುತ್ತರ ಬರೆದ ಮಗು ಏನು ಬಲ್ಲದು’ ಎಂದು ಪೆನ್ಸಿಲಿನಲ್ಲಿ ಒಂದು ವಾಕ್ಯ ಬರೆದುಕೊಂಡರೆ ಸಾಕು. ಒಂದು ಕೋರಿಕೆ ಮಾತ್ರ ಇದೆ. ಬೆಳ್ಳಿ ಚಮಚದ ಪ್ರಶ್ನೆಯನ್ನು ನಿಮ್ಮ ಹತ್ತನೆಯ ತರಗತಿಗೆ ಅಂಕವಿಲ್ಲದೆ ಕೊಟ್ಟು ನೋಡಿ. ಉತ್ತರಗಳನ್ನು ನಮಗೆ ಕಳುಹಿಸುವಾಗ ಹೆಸರುಗಳನ್ನು ತೆಗೆದುಬಿಡಿ, ಆದರೆ ತೋಟದ ಮನೆಗಳಿಂದ ಬರುವ ಮಕ್ಕಳ ಹಾಳೆಗಳನ್ನು ಬೇರೆ ಕಟ್ಟಾಗಿಯೇ ಇಡಿ.

— ಸಂ.