ಗ್ಯಾಸ್ಕೆಟ್ ಹೋಗಿದೆ ಅನ್ನುವ ಮೊದಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಡೀಸೆಲ್ ಫೋರ್ ವೀಲ್ ಡ್ರೈವ್ ಗಾಡಿಗಳ ಹೆಡ್ ಗ್ಯಾಸ್ಕೆಟ್ಟನ್ನು (ಸಿಲಿಂಡರುಗಳಿರುವ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ಸೀಲ್) ಮನೆಯಲ್ಲೇ ಬದಲಿಸುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಇಲ್ಲಿರುವ ಅಳತೆಗಳು ಸಾಮಾನ್ಯವಾಗಿ ಕಾಣಸಿಗುವಂಥವು. ನಿಮ್ಮ ಎಂಜಿನ್ನಿನ ಸರ್ವಿಸ್ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದನ್ನೇ ನಂಬಿ.

ಪ್ರಶ್ನೆ: ವಾರಕ್ಕೆ ಅರ್ಧ ಲೀಟರ್ ಕೂಲಂಟ್ ಹಾಕಬೇಕಾಗುತ್ತಿದೆ, ಕೆಳಗೆ ಒಂದು ಹನಿಯೂ ಸೋರುತ್ತಿಲ್ಲ. ಆಯಿಲ್ ಕ್ಯಾಪ್ ಒಳಗೆ ಬಿಳಿ ಕೆನೆ ಕಟ್ಟಿದೆ. ಹೆಡ್ ಗ್ಯಾಸ್ಕೆಟ್ಟೇ ಹೋಗಿದೆ ಎಂದು ಬಿಚ್ಚಿಬಿಡಲೇ?

ಬಿಚ್ಚಬೇಡಿ, ಇನ್ನೂ ಇಲ್ಲ. ಕ್ಯಾಪ್ ಒಳಗಿನ ಕೆನೆಯೊಂದನ್ನೇ ನೋಡಿ ತೀರ್ಮಾನ ಮಾಡಲು ಬರುವುದಿಲ್ಲ. ಚಿಕ್ಕಚಿಕ್ಕ ಓಡಾಟದಲ್ಲಿ ಎಂಜಿನ್ ಪೂರ್ತಿ ಬಿಸಿಯಾಗದೆ, ಒಳಗಿನ ತೇವಾಂಶ ಆವಿಯಾಗಿ ಹೋಗದೆ ಕ್ಯಾಪ್‌ನಲ್ಲಿ ಹೀಗೆ ಕಟ್ಟಿಕೊಳ್ಳುತ್ತದೆ. ಡಿಪ್‌ಸ್ಟಿಕ್ ತೆಗೆದು ನೋಡಿ. ಅಲ್ಲೂ ಆಯಿಲ್ ಮಜ್ಜಿಗೆ ಬಣ್ಣಕ್ಕೆ ತಿರುಗಿದ್ದರೆ, ಮಟ್ಟ ಮೇಲೇರಿದ್ದರೆ ಆಗ ಚಿಂತೆ ಮಾಡಬೇಕು.

ಮೊದಲ ಪರೀಕ್ಷೆಗೆ ಖರ್ಚಿಲ್ಲ. ರಾತ್ರಿಯಿಡೀ ನಿಂತು ತಣ್ಣಗಾದ ಎಂಜಿನ್ನಿನ ರೇಡಿಯೇಟರ್ ಕ್ಯಾಪ್ ತೆಗೆದು, ಕೂಲಂಟನ್ನು ಬಾಯಿಮಟ್ಟ ತುಂಬಿಸಿ ಸ್ಟಾರ್ಟ್ ಮಾಡಿ. ಮೊದಲು ಒಂದೆರಡು ಗುಳ್ಳೆ ಬಂದರೆ ಅದು ಸಿಕ್ಕಿಕೊಂಡಿದ್ದ ಗಾಳಿ. ಗುಳ್ಳೆಗಳು ನಿಲ್ಲದೆ ಸಾಲಾಗಿ ಬರುತ್ತಿದ್ದರೆ ಸಿಲಿಂಡರಿನ ಗ್ಯಾಸ್ ನೀರಿನ ದಾರಿಗೆ ನುಗ್ಗುತ್ತಿದೆ. ಕ್ಯಾಪ್ ಹಾಕಿಯೂ ಇದನ್ನು ನೋಡಬಹುದು: ಎರಡು ನಿಮಿಷದೊಳಗೆ, ಎಂಜಿನ್ ಇನ್ನೂ ತಣ್ಣಗಿರುವಾಗಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಆ ಒತ್ತಡ ಬಿಸಿಯಿಂದ ಬಂದದ್ದಲ್ಲ.

ಕೂಲಂಟ್‌ನಲ್ಲಿ ಸುಟ್ಟ ಗ್ಯಾಸ್ ಇದೆಯೇ ಎಂದು ತೋರಿಸುವ ನೀಲಿ ದ್ರಾವಣದ ಟೆಸ್ಟರ್ ಒಳ್ಳೆಯದೇ, ಆದರೆ ಡೀಸೆಲ್‌ನಲ್ಲಿ ಅದನ್ನು ಎಚ್ಚರದಿಂದ ಓದಬೇಕು. ಐಡಲ್‌ನಲ್ಲಿ ಡೀಸೆಲ್ ಎಂಜಿನ್ ಬೇಕಾದ್ದಕ್ಕಿಂತ ಬಹಳ ಹೆಚ್ಚು ಗಾಳಿ ಎಳೆಯುತ್ತದೆ, ಹಾಗಾಗಿ ಅದರ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆ. ಬಣ್ಣ ಬದಲಾಗಲಿಲ್ಲ ಎಂದ ಮಾತ್ರಕ್ಕೆ ಗ್ಯಾಸ್ಕೆಟ್ ಸರಿಯಿದೆ ಎನ್ನಲಾಗದು. ಗಾಡಿಗೆ ಲೋಡ್ ಕೊಟ್ಟು ಓಡಿಸಿ ಬಂದ ಕೂಡಲೇ ಪರೀಕ್ಷೆ ಮಾಡಿ. ಬಿಸಿ ಎಂಜಿನ್ನಿನ ಕ್ಯಾಪ್ ತೆಗೆಯುವ ಮೊದಲು ಒತ್ತಡ ಇಳಿಯಲು ಸಮಯ ಕೊಡಿ.

ಗ್ಯಾಸ್ಕೆಟ್ ಹೋಗಿದೆ ಎಂದು ಸುಳ್ಳು ಹೇಳಿಸುವ ಭಾಗಗಳು ಎರಡು. ಒಂದು ಇಜಿಆರ್ ಕೂಲರ್, ಎಂದರೆ ಎಂಜಿನ್ನಿಗೆ ಮರಳಿ ಹೋಗುವ ಹೊಗೆಯನ್ನು ಕೂಲಂಟ್‌ನಿಂದ ತಣಿಸುವ ಭಾಗ. ಅದರೊಳಗೆ ಬಿರುಕು ಬಿಟ್ಟರೆ ಕೂಲಂಟ್ ಖಾಲಿಯಾಗುತ್ತದೆ, ಬಿಳಿ ಹೊಗೆ ಬರುತ್ತದೆ, ಕೆಲವೊಮ್ಮೆ ನೀಲಿ ದ್ರಾವಣದ ಬಣ್ಣವೂ ಬದಲಾಗುತ್ತದೆ. ಅದರ ಎರಡು ಕೂಲಂಟ್ ಹೋಸ್‌ಗಳನ್ನು ತಾತ್ಕಾಲಿಕವಾಗಿ ಒಂದಕ್ಕೊಂದು ಜೋಡಿಸಿ, ಗಾಡಿ ನಿಂತಲ್ಲೇ ಸ್ವಲ್ಪ ಹೊತ್ತು ಪರೀಕ್ಷೆ ಮಾಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಇನ್ನೊಂದು ಆಯಿಲ್ ಕೂಲರ್. ಓಡುವಾಗ ಆಯಿಲ್ ಒತ್ತಡ ಕೂಲಂಟ್ ಒತ್ತಡಕ್ಕಿಂತ ಹೆಚ್ಚಿರುವುದರಿಂದ ಕೂಲರ್ ಒಡೆದರೆ ಕೂಲಂಟ್ ಮೇಲೆ ಎಣ್ಣೆ ತೇಲುತ್ತದೆ, ಡಿಪ್‌ಸ್ಟಿಕ್ ಮಾತ್ರ ಬಹುಕಾಲ ಶುದ್ಧವಾಗಿಯೇ ಇರುತ್ತದೆ.

ರಾತ್ರಿ ನಿಂತ ಗಾಡಿ ಬೆಳಿಗ್ಗೆ ಸೆಲ್ಫ್ ಹೊಡೆದಾಗ ತಟ್ಟನೆ ತಡೆದು ನಿಂತರೆ ಮತ್ತೊಮ್ಮೆ ಸೆಲ್ಫ್ ಹೊಡೆಯಬೇಡಿ. ಸಿಲಿಂಡರಿಗೆ ನೀರು ಇಳಿದಿರಬಹುದು. 500 ಸಿಸಿ ಸಿಲಿಂಡರ್, 20:1 ಕಂಪ್ರೆಷನ್ ಎಂದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 26 ಸಿಸಿ, ಎರಡು ದೊಡ್ಡ ಚಮಚಕ್ಕೂ ಕಡಿಮೆ. ಅಷ್ಟು ನೀರಿದ್ದರೆ ಸಾಕು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಲ್ಲ ಗ್ಲೋ ಪ್ಲಗ್ ಬಿಚ್ಚಿ, ಪಕ್ಕಕ್ಕೆ ಸರಿದು ನಿಂತು, ಇಂಧನ ಕಟ್ ಮಾಡಿ ಸೆಲ್ಫ್ ತಿರುಗಿಸಿ. ಯಾವ ತೂತಿನಿಂದ ನೀರು ಚಿಮ್ಮುತ್ತದೋ ತೊಂದರೆ ಇರುವುದು ಆ ಸಿಲಿಂಡರಿನಲ್ಲಿ.

ಪ್ರಶ್ನೆ: ಬಿಚ್ಚುವ ಮೊದಲು ಏನೇನು ತಂದಿಟ್ಟುಕೊಳ್ಳಬೇಕು? ಎಲ್ಲಿ ಎಡವುತ್ತಾರೆ?

ಹೆಡ್ ಸೆಟ್ ಗ್ಯಾಸ್ಕೆಟ್, ಹೊಸ ಹೆಡ್ ಬೋಲ್ಟ್‌ಗಳು, ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್‌ಗಳು, ಥರ್ಮೋಸ್ಟಾಟ್, ಆಯಿಲ್, ಫಿಲ್ಟರ್, ಕೂಲಂಟ್, ಡಿಸ್ಟಿಲ್ಡ್ ನೀರು. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಬೆಲ್ಟ್, ಟೆನ್ಷನರ್ ಕೂಡ. ಟಾರ್ಕ್ ರೆಂಚ್, ಡಿಗ್ರಿ ಗೇಜ್, ಫೀಲರ್ ಗೇಜ್, ಸ್ಟ್ರೇಟ್ ಎಡ್ಜ್, ಡಯಲ್ ಗೇಜ್ ಇಲ್ಲದೆ ಕೈ ಹಾಕಬೇಡಿ. ಇವನ್ನು ಬಾಡಿಗೆಗೆ, ಕೈಗಡಕ್ಕೆ ತಂದರೂ ನಡೆಯುತ್ತದೆ. ಅಂದಾಜಿನಲ್ಲಿ ಬಿಗಿ ಮಾಡಲು ಹೋದರೆ ಕೆಟ್ಟಿರಿ.

ಬಿಚ್ಚುವಾಗ ಎಂಜಿನ್ ಪೂರ್ತಿ ತಣ್ಣಗಿರಬೇಕು. ಹೆಡ್ ಬೋಲ್ಟ್‌ಗಳನ್ನು ಹೊರಗಿನಿಂದ ನಡುವಿಗೆ, ಎರಡು ಮೂರು ಸುತ್ತಿನಲ್ಲಿ ಸ್ವಲ್ಪಸ್ವಲ್ಪವಾಗಿ ಸಡಿಲಿಸಿ. ಒಂದನ್ನೇ ಪೂರ್ತಿ ಬಿಚ್ಚಿ ಇನ್ನೊಂದಕ್ಕೆ ಹೋದರೆ ಹೆಡ್ ತಿರುಚಿಕೊಳ್ಳುತ್ತದೆ. ಪುಶ್ ರಾಡ್‌ಗಳನ್ನು ತೂತು ಕೊರೆದ ರಟ್ಟಿನಲ್ಲಿ ಅವು ಇದ್ದ ಸಾಲಿನಲ್ಲೇ ಸಿಕ್ಕಿಸಿಡಿ. ಕಾಮನ್ ರೇಲ್ ಎಂಜಿನ್ (ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಅಧಿಕ ಒತ್ತಡದ ಪೈಪಿನಿಂದ ಡೀಸೆಲ್ ಹೋಗುವಂಥದ್ದು) ಆಗಿದ್ದರೆ ಆಫ್ ಮಾಡಿದ ಮೇಲೆ ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾಯದೆ ಪೈಪ್ ಮುಟ್ಟಬೇಡಿ. ರೇಲ್‌ನಲ್ಲಿರುವುದು ಸಾವಿರ ಬಾರ್ ದಾಟುವ ಒತ್ತಡ, ಕೂದಲೆಳೆಯಷ್ಟು ಧಾರೆಯೂ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೆಡ್ ಇಳಿಸಿದ ಮೇಲೆ ಮುಖ ಕೆಳಗೆ ಮಾಡಿ ನೆಲದ ಮೇಲಿಡಬಾರದು. ಇಂಜೆಕ್ಟರ್ ತುದಿ, ಗ್ಲೋ ಪ್ಲಗ್ ತುದಿ, ತೆರೆದ ವಾಲ್ವ್ ಹೊರಚಾಚಿರುತ್ತವೆ. ಎರಡು ಮರದ ತುಂಡಿನ ಮೇಲೆ ಕೂರಿಸಿ.

ವೆಟ್ ಲೈನರ್ (ಹೊರಮೈಗೆ ಕೂಲಂಟ್ ತಾಗುವ, ಬಿಡಿಯಾಗಿ ಕೂರಿಸಿದ ಸಿಲಿಂಡರ್ ಕೊಳವೆ) ಇರುವ ಎಂಜಿನ್ನಿನಲ್ಲಿ ಇನ್ನೊಂದು ಎಚ್ಚರ ಬೇಕು. ಹೆಡ್ ತೆಗೆದ ಮೇಲೆ ಲೈನರ್‌ಗಳನ್ನು ಕ್ಲಾಂಪ್ ಹಾಕಿ ಹಿಡಿಯದೆ ಕ್ರ್ಯಾಂಕ್ ತಿರುಗಿಸಿದರೆ ಲೈನರ್ ಮೇಲೆದ್ದು ಅದರ ಕೆಳಗಿನ ಸೀಲ್ ಕದಲುತ್ತದೆ. ಗ್ಯಾಸ್ಕೆಟ್ ಬದಲಿಸಲು ಹೋಗಿ ಎಂಜಿನ್ನಿನ ತಳದ ಆಯಿಲ್ ಚೇಂಬರಿಗೆ ನೀರು ಬಿಟ್ಟುಕೊಂಡಂತಾಗುತ್ತದೆ.

ಪ್ರಶ್ನೆ: ಒಂದೇ ಎಂಜಿನ್ನಿಗೆ ಮೂರು ದಪ್ಪದ ಗ್ಯಾಸ್ಕೆಟ್ ಸಿಗುತ್ತವೆಯಂತೆ. ಯಾವುದು ನನ್ನದು?

ಹಳೆಯ ಗ್ಯಾಸ್ಕೆಟ್ಟಿನ ಅಂಚನ್ನು ಒರೆಸಿ ನೋಡಿ. ಒಂದು ಮೂಲೆಯಲ್ಲಿ ಸಣ್ಣ ಕಚ್ಚುಗಳೋ ತೂತುಗಳೋ ಇರುತ್ತವೆ, ಅವುಗಳ ಸಂಖ್ಯೆಯೇ ದಪ್ಪದ ಗುರುತು. ಎಂಜಿನ್ ಈ ಮೊದಲು ಬಿಚ್ಚಿದ್ದಲ್ಲ, ಬ್ಲಾಕ್ ಮುಖ, ಪಿಸ್ಟನ್, ರಾಡ್ ಯಾವುದನ್ನೂ ಬದಲಿಸಿಲ್ಲ ಎಂದಾದರೆ ಅಷ್ಟೇ ಕಚ್ಚು ಇರುವುದನ್ನು ತಂದರಾಯಿತು. ಯಾರೋ ಮೊದಲೇ ಕೈ ಹಾಕಿದ್ದಾರೆಂಬ ಅನುಮಾನವಿದ್ದರೆ ಅಳೆಯಲೇಬೇಕು.

ಹಲವು ಡೀಸೆಲ್ ಎಂಜಿನ್‌ಗಳಲ್ಲಿ ಪಿಸ್ಟನ್ ಮೇಲೆ ಬಂದಾಗ ಬ್ಲಾಕಿನ ಮುಖಕ್ಕಿಂತ ತುಸು ಎದ್ದು ನಿಲ್ಲುತ್ತದೆ. ಎಷ್ಟು ಎದ್ದಿದೆ ಎನ್ನುವುದರ ಮೇಲೆ ಗ್ಯಾಸ್ಕೆಟ್ ದಪ್ಪ ನಿರ್ಧಾರವಾಗುತ್ತದೆ. ಡಯಲ್ ಗೇಜನ್ನು ಬ್ಲಾಕಿನ ಮುಖದ ಮೇಲೆ ಸೊನ್ನೆಗೆ ತಂದು, ಪಿಸ್ಟನ್ ಮೇಲೆ ಸರಿಸಿ, ಕ್ರ್ಯಾಂಕನ್ನು ಅತ್ತಿತ್ತ ನಿಧಾನ ತಿರುಗಿಸಿ ಮುಳ್ಳು ತೋರಿಸುವ ಗರಿಷ್ಠ ಅಂಕಿ ಬರೆದುಕೊಳ್ಳಿ. ಎಲ್ಲಿ ಮುಟ್ಟಿಸಬೇಕು ಎನ್ನುವುದರಲ್ಲೇ ಎಲ್ಲ ಇದೆ. ಪಿಸ್ಟನ್ ತನ್ನ ಪಿನ್ನಿನ ಸುತ್ತ ಸ್ವಲ್ಪ ಓಲಾಡುತ್ತದೆ, ಒಂದು ಬದಿ ಎದ್ದರೆ ಎದುರು ಬದಿ ತಗ್ಗುತ್ತದೆ. ಪಿನ್ನಿನ ಗೆರೆಯ ಮೇಲೆಯೇ, ಆಚೆ ಈಚೆ ಎರಡು ಕಡೆ ಅಳೆದರೆ ಈ ಓಲಾಟ ಅಳತೆಗೆ ಬರುವುದಿಲ್ಲ. ಮೇಲಿನ ಮಸಿಯನ್ನು ಮೊದಲು ತೆಗೆದಿರಬೇಕು. ಎರಡು ಅಂಕಿಯ ಸರಾಸರಿ ಆ ಪಿಸ್ಟನ್ನಿನದು. ಎಲ್ಲ ಪಿಸ್ಟನ್ನುಗಳಲ್ಲಿ ಯಾವುದು ಹೆಚ್ಚು ಎದ್ದಿದೆಯೋ ಅದರ ಅಂಕಿಯನ್ನು ಮ್ಯಾನ್ಯುಯಲ್ಲಿನ ಕೋಷ್ಟಕದಲ್ಲಿ ನೋಡಿ ಗ್ಯಾಸ್ಕೆಟ್ ಆರಿಸಿ. ಒಂದು ದಪ್ಪಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಬರೀ 0.1 ಮಿ.ಮೀ. ಆಸುಪಾಸು. ತೆಳುವಾದದ್ದು ಹಾಕಿದರೆ ಪಿಸ್ಟನ್ ಹೆಡ್ಡಿಗೆ ತಗಲುವ ಅಪಾಯ, ದಪ್ಪದ್ದು ಹಾಕಿದರೆ ಕಂಪ್ರೆಷನ್ ಇಳಿದು ಚಳಿಯಲ್ಲಿ ಸ್ಟಾರ್ಟ್ ಆಗಲು ಒದ್ದಾಟ.

ಪ್ರಶ್ನೆ: ಹಳೆಯ ಗ್ಯಾಸ್ಕೆಟ್ ಅಂಟಿಕೊಂಡಿದೆ. ಡ್ರಿಲ್‌ಗೆ ಸ್ಯಾಂಡಿಂಗ್ ಡಿಸ್ಕ್ ಹಾಕಿ ಉಜ್ಜಿದರೆ ಬೇಗ ಹೋಗುತ್ತದಲ್ಲವೇ?

ಹೋಗುತ್ತದೆ, ಜೊತೆಗೆ ಎಂಜಿನ್ನಿನ ಬೇರಿಂಗ್‌ಗಳೂ ಹೋಗುತ್ತವೆ. ಡಿಸ್ಕಿನಿಂದ ಉದುರುವ ಪುಡಿ ಅಲ್ಯೂಮಿನಿಯಂ ಆಕ್ಸೈಡ್, ಕಬ್ಬಿಣ ಕೊರೆಯುವಷ್ಟು ಗಟ್ಟಿ. ಅದು ಆಯಿಲ್ ದಾರಿಗೆ ಬಿದ್ದರೆ ಬೇರಿಂಗಿನ ಮೆತ್ತನೆಯ ಲೋಹದಲ್ಲಿ ಹುದುಗಿಕೊಂಡು ಕ್ರ್ಯಾಂಕನ್ನು ಸವೆಸುತ್ತದೆ. ಮೇಲಾಗಿ ಅಲ್ಯೂಮಿನಿಯಂ ಹೆಡ್ಡಿನಲ್ಲಿ ಡಿಸ್ಕ್ ಒಂದು ಕ್ಷಣ ನಿಂತ ಕಡೆ ತಗ್ಗು ಬೀಳುತ್ತದೆ. ಕಣ್ಣಿಗೆ ಮಿರಿಮಿರಿ ಹೊಳೆಯುವ ಆ ಜಾಗದಲ್ಲೇ ನಾಳೆ ಲೀಕ್.

ಗ್ಯಾಸ್ಕೆಟ್ ರಿಮೂವರ್ ಸಿಂಪಡಿಸಿ ನೆನೆಯಲು ಬಿಡಿ, ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆಯಿರಿ. ಎರಕದ ಕಬ್ಬಿಣದ ಬ್ಲಾಕಿಗೆ ಹೊಸ ಬ್ಲೇಡನ್ನು ಓರೆಯಾಗಿ ಹಿಡಿದು ಬಳಸಬಹುದು. ಅದಕ್ಕೂ ಮೊದಲು ಸಿಲಿಂಡರು, ನೀರಿನ ತೂತು, ಆಯಿಲ್ ತೂತು ಎಲ್ಲಕ್ಕೂ ಬಟ್ಟೆ ತುರುಕಿ, ತುರುಕಿದ ಬಟ್ಟೆಗಳನ್ನು ಎಣಿಸಿಡಿ. ಕೊನೆಗೆ ಬ್ರೇಕ್ ಕ್ಲೀನರ್ ಹಾಕಿ ಒರೆಸಿದಾಗ ಬಿಳಿ ಬಟ್ಟೆ ಬಿಳಿಯಾಗಿಯೇ ಬರಬೇಕು. ಹೆಡ್ ಎತ್ತಿ ಇಳಿಸುವುದಕ್ಕಿಂತ ಈ ಒರೆಸುವ ಕೆಲಸಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ. ಹಿಡಿಯದಿದ್ದರೆ ಏನೋ ಬಿಟ್ಟಿದ್ದೀರಿ.

ಬೋಲ್ಟ್ ತೂತುಗಳನ್ನು ಮರೆಯುವವರೇ ಹೆಚ್ಚು. ತಳ ಮುಚ್ಚಿದ ತೂತಿನಲ್ಲಿ ಆಯಿಲೋ ಕೂಲಂಟೋ ನಿಂತಿದ್ದರೆ ಬೋಲ್ಟ್ ಇಳಿಯುವಾಗ ಅದಕ್ಕೆ ಹೋಗಲು ದಾರಿ ಇಲ್ಲ. ಟಾರ್ಕ್ ರೆಂಚ್ ಕ್ಲಿಕ್ ಅನ್ನುತ್ತದೆ, ಹೆಡ್ ಮಾತ್ರ ಬಿಗಿಯಾಗಿರುವುದಿಲ್ಲ. ಇನ್ನೂ ಒತ್ತಿದರೆ ಬ್ಲಾಕೇ ಸೀಳಬಹುದು. ಸಿರಿಂಜಿನಲ್ಲಿ ಎಳೆದು, ಕಡ್ಡಿಗೆ ಬಟ್ಟೆ ಸುತ್ತಿ ಒತ್ತಿ, ಗಾಳಿ ಹಿಡಿದು ಒಣಗಿಸಿ. ಕನ್ನಡಕ ಹಾಕಿಕೊಂಡೇ ಗಾಳಿ ಹಿಡಿಯಿರಿ. ತೂತಿನೊಳಗಿನ ಮರೆ (ಥ್ರೆಡ್) ಕೊಳೆಯಾಗಿದ್ದರೆ ಮರೆ ಕತ್ತರಿಸುವ ಟ್ಯಾಪ್ ಬೇಡ. ಹಳೆಯ ಹೆಡ್ ಬೋಲ್ಟಿನ ಮರೆಗೆ ಉದ್ದುದ್ದ ಸೀಳು ಕೊಯ್ದು ಅದನ್ನೇ ಕೈಯಲ್ಲಿ ಇಳಿಸಿ ತೆಗೆಯಿರಿ.

ಪ್ರಶ್ನೆ: ಹಳೆಯ ಬೋಲ್ಟ್‌ಗಳು ಚೆನ್ನಾಗಿಯೇ ಇವೆ. ಅವನ್ನೇ ಹಾಕಿ, ಗ್ಯಾಸ್ಕೆಟ್ಟಿಗೆ ಸ್ವಲ್ಪ ಸಿಲಿಕೋನ್ ಹಚ್ಚಿದರೆ?

ಸಿಲಿಕೋನ್ ಬೇಡವೇ ಬೇಡ. ಟೈಮಿಂಗ್ ಕವರ್ ಸೇರುವ ಮೂಲೆಗಳಲ್ಲಿ ಮ್ಯಾನ್ಯುಯಲ್ ಹೇಳಿದ್ದರೆ ಅಲ್ಲಿ ಒಂದು ಚುಕ್ಕೆ, ಅಷ್ಟೇ. ಉಳಿದಂತೆ ಗ್ಯಾಸ್ಕೆಟ್ ಒಣಗಿದ್ದೇ ಕೂರಬೇಕು.

ಬೋಲ್ಟ್ ವಿಷಯ ಬೇರೆ. ಟಾರ್ಕ್ ಆದ ಮೇಲೆ ಇಷ್ಟು ಡಿಗ್ರಿ ತಿರುಗಿಸಿ ಎಂದು ಮ್ಯಾನ್ಯುಯಲ್ ಹೇಳಿದರೆ ಅವು ಸಾಮಾನ್ಯವಾಗಿ ಎಳೆದು ಹಿಗ್ಗಿಸುವ ಬೋಲ್ಟ್‌ಗಳು. ಒಮ್ಮೆ ಹಿಗ್ಗಿದ್ದು ಎರಡನೆಯ ಸಲ ಅದೇ ಬಲ ಕೊಡುತ್ತದೆಂಬ ಭರವಸೆ ಇಲ್ಲ. ನಾವು ರೆಂಚಿಗೆ ಹಾಕುವ ಬಲದಲ್ಲಿ ಸುಮಾರು ಹತ್ತನೆಯ ಒಂದು ಪಾಲಷ್ಟೇ ಬೋಲ್ಟನ್ನು ಎಳೆಯುತ್ತದೆ, ಮಿಕ್ಕದ್ದೆಲ್ಲ ತಲೆಯ ಕೆಳಗಿನ ಮತ್ತು ಮರೆಯೊಳಗಿನ ಉಜ್ಜಾಟಕ್ಕೆ ಹೋಗುತ್ತದೆ. ಡಿಗ್ರಿ ಲೆಕ್ಕ ಬಂದದ್ದೇ ಅದಕ್ಕೆ: ಬೋಲ್ಟ್ ಎಷ್ಟು ತಿರುಗಿತು ಎನ್ನುವುದಕ್ಕೆ ಉಜ್ಜಾಟದ ಹಂಗಿಲ್ಲ. ಮರೆಗೂ ತಲೆಯ ಕೆಳಗೂ ಮ್ಯಾನ್ಯುಯಲ್ ಹೇಳಿದಷ್ಟೇ ಎಣ್ಣೆ ಸವರಿ, ನಡುವಿನಿಂದ ಹೊರಕ್ಕೆ ಕ್ರಮವಾಗಿ ಬಿಗಿ ಮಾಡಿ. ಪ್ರತಿ ಬೋಲ್ಟಿನ ತಲೆಗೂ ಬಣ್ಣದ ಚುಕ್ಕೆ ಇಟ್ಟುಕೊಂಡರೆ ಯಾವುದಕ್ಕೆ ಡಿಗ್ರಿ ಕೊಟ್ಟಾಯಿತು, ಯಾವುದು ಬಾಕಿ ಎನ್ನುವ ಗೊಂದಲವಿರುವುದಿಲ್ಲ.

ಪ್ರಶ್ನೆ: ಹೆಡ್ಡಿಗೆ ಫೇಸಿಂಗ್ (ಮುಖವನ್ನು ಕೆತ್ತಿ ಸಮ ಮಾಡುವುದು) ಮಾಡಿಸಲೇಬೇಕೇ?

ಅಳೆಯದೆ ಮಾಡಿಸಬೇಡಿ. ಸ್ಟ್ರೇಟ್ ಎಡ್ಜನ್ನು ಉದ್ದಕ್ಕೆ, ಅಡ್ಡಕ್ಕೆ, ಎರಡೂ ಮೂಲೆಗೆರೆಗಳಲ್ಲಿ ಇಟ್ಟು ಕೆಳಗೆ ಫೀಲರ್ ತೂರಿಸಿ ನೋಡಿ. 0.05 ಮಿ.ಮೀ. ಎಲೆ ಎಲ್ಲೂ ತೂರದಿದ್ದರೆ ಚಿಂತೆಯಿಲ್ಲ. 0.10 ಎಲೆ ಸಲೀಸಾಗಿ ಹೋದರೆ ಹೆಚ್ಚಿನ ಎಂಜಿನ್‌ಗಳಲ್ಲಿ ಮಿತಿ ಮುಟ್ಟಿದೆ ಅಥವಾ ಮೀರಿದೆ. ಬ್ಲಾಕನ್ನೂ ಹೀಗೇ ಅಳೆಯಿರಿ, ಅದನ್ನು ಮರೆಯುವವರು ಬಹಳ.

ಡೀಸೆಲ್ ಹೆಡ್ ಕೆತ್ತಿದಷ್ಟೂ ವಾಲ್ವ್‌ಗಳು ಪಿಸ್ಟನ್ನಿಗೆ ಹತ್ತಿರವಾಗುತ್ತವೆ. ಪ್ರೀ ಚೇಂಬರ್ (ಹೆಡ್ಡಿನೊಳಗೆ ಇಂಧನ ಮೊದಲು ಉರಿಯುವ ಪುಟ್ಟ ಕೋಣೆ) ಇರುವ ಹಳೆಯ ಮಾದರಿಯಲ್ಲಿ ಅದರ ಬಾಯಿಗೆ ಕೂರಿಸಿದ ಬಿಲ್ಲೆಯ ಮಟ್ಟವೂ ಕೆಡುತ್ತದೆ. ಕೆಲವು ತಯಾರಕರು ಕೆತ್ತಲೇಬಾರದು ಎನ್ನುವುದು ಇದಕ್ಕೇ. ವರ್ಕ್‌ಶಾಪಿಗೆ ಕೊಡುವಾಗ ಫೇಸಿಂಗಿಗಿಂತ ಮೊದಲು ಪ್ರೆಷರ್ ಟೆಸ್ಟ್ ಮಾಡಿ ಎಂದು ಹೇಳಿ. ಎರಡು ವಾಲ್ವ್ ಸೀಟುಗಳ ನಡುವಿನ ಸಣ್ಣ ಸೇತುವೆಯಲ್ಲಿ ಬಿರುಕಿದ್ದು ನೀರಿನ ದಾರಿಯವರೆಗೆ ಇಳಿದಿದ್ದರೆ ಫೇಸಿಂಗ್ ದುಡ್ಡು ದಂಡ. ಇನ್ನೊಂದು, ಪದರಪದರದ ಉಕ್ಕಿನ ಗ್ಯಾಸ್ಕೆಟ್ ಹಾಕುವುದಾದರೆ ಮುಖ ಬಹಳ ನುಣುಪಾಗಿರಬೇಕೆಂದು ಮೊದಲೇ ತಿಳಿಸಿ. ಹಳೆಯ ಕಾಂಪೊಸಿಟ್ ಗ್ಯಾಸ್ಕೆಟ್ ಸಹಿಸಿಕೊಳ್ಳುವ ತರಿಯನ್ನು ಉಕ್ಕಿನದು ಸಹಿಸುವುದಿಲ್ಲ.

ಪ್ರಶ್ನೆ: ಎಲ್ಲ ಸರಿಯಾಗಿ ಮಾಡಿದೆ. ಎರಡೇ ತಿಂಗಳಿಗೆ ಮತ್ತೆ ಹೋಯಿತು. ಗ್ಯಾಸ್ಕೆಟ್ ಕಂಪನಿ ಸರಿಯಿಲ್ಲವೇ?

ಗ್ಯಾಸ್ಕೆಟ್ಟನ್ನು ಕೊನೆಗೆ ಬೈಯೋಣ. ಎಂಜಿನ್ ಕುದಿಯದೆ ಗ್ಯಾಸ್ಕೆಟ್ ತಾನಾಗಿಯೇ ಹೋಗುವುದು ಅಪರೂಪ. ಅರ್ಧ ಮೀಟರ್ ಉದ್ದದ ಅಲ್ಯೂಮಿನಿಯಂ ಹೆಡ್ 80 ಡಿಗ್ರಿ ಬಿಸಿ ಏರಿದರೆ ಸುಮಾರು 0.9 ಮಿ.ಮೀ. ಹಿಗ್ಗುತ್ತದೆ, ಕೆಳಗಿನ ಕಬ್ಬಿಣದ ಬ್ಲಾಕ್ ಅದರ ಅರ್ಧದಷ್ಟು. ಆ ವ್ಯತ್ಯಾಸದ ನಡುವೆ ಪ್ರತಿ ಸಲವೂ ಜಾರಾಡುವುದು ಗ್ಯಾಸ್ಕೆಟ್. ಬಿಸಿ ಮಿತಿ ಮೀರಿದರೆ ಹೆಡ್ ಬಾಗಿ ಗ್ಯಾಸ್ಕೆಟ್ ಮೇಲಿನ ಹಿಡಿತವೇ ಸಡಿಲವಾಗುತ್ತದೆ.

ಕಚ್ಚಾದಾರಿಯ ಗಾಡಿಯಲ್ಲಿ ಮೊದಲು ನೋಡಬೇಕಾದ್ದು ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದು. ಮುಂದಿನಿಂದ ಕಂಡೆನ್ಸರ್ ಶುಭ್ರವಾಗಿ ಕಾಣುತ್ತದೆ, ಹಿಂದೆ ಒಣಗಿದ ಕೆಸರು ಗೋಡೆ ಕಟ್ಟಿರುತ್ತದೆ. ಬೋಲ್ಟ್ ಬಿಚ್ಚಿ ಎರಡನ್ನೂ ಬೇರೆ ಮಾಡಿ, ಎಂಜಿನ್ ಕಡೆಯಿಂದ ಹೊರಕ್ಕೆ ಸಣ್ಣ ಒತ್ತಡದ ನೀರು ಬಿಡಿ. ಪ್ರೆಷರ್ ವಾಷರ್ ಹಿಡಿದರೆ ಫಿನ್ ಮಡಚಿ ಮುಚ್ಚಿಹೋಗುತ್ತವೆ. ಆಮೇಲೆ ವಿಸ್ಕಸ್ ಫ್ಯಾನ್, ಎಂದರೆ ದ್ರವ ತುಂಬಿದ ಕಪ್ಲಿಂಗಿನ ಮೂಲಕ ಎಂಜಿನ್ನೇ ತಿರುಗಿಸುವ ಫ್ಯಾನ್. ಲೋ ರೇಂಜ್‌ನಲ್ಲಿ ಆಮೆ ನಡಿಗೆಯಲ್ಲಿ ಏರುವಾಗ ಎದುರುಗಾಳಿ ಇಲ್ಲ, ಎಲ್ಲ ಭಾರ ಫ್ಯಾನ್ ಮೇಲೆ. ಎಂಜಿನ್ ಆಫ್ ಮಾಡಿ, ಬಿಸಿಯಿರುವಾಗಲೇ ಫ್ಯಾನನ್ನು ಕೈಯಿಂದ ತಿರುಗಿಸಿ. ಅಡೆತಡೆಯಿಲ್ಲದೆ ಗಿರಗಿರ ತಿರುಗಿದರೆ ಅದರ ಕಪ್ಲಿಂಗ್ ಸತ್ತಿದೆ. ಎಲೆಕ್ಟ್ರಿಕ್ ಫ್ಯಾನಿಗೆ ಈ ಪರೀಕ್ಷೆ ಬೇಡ; ಅದು ಆಫ್ ಆದ ಮೇಲೂ ತಾನಾಗಿ ತಿರುಗಬಹುದು. ಒತ್ತಡ ಹಿಡಿಯದ ರೇಡಿಯೇಟರ್ ಕ್ಯಾಪ್, ಅರ್ಧ ತೆರೆದು ನಿಲ್ಲುವ ಥರ್ಮೋಸ್ಟಾಟ್, ತುಕ್ಕು ತಿಂದ ವಾಟರ್ ಪಂಪ್ ರೆಕ್ಕೆ ಇವುಗಳ ಸರದಿ ನಂತರ.

ಏರ್ ಲಾಕ್, ಎಂದರೆ ಕೂಲಂಟ್ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿ, ಕೂಡ ಎಂಜಿನ್ನನ್ನು ಹೀಗೇ ಕುದಿಸುತ್ತದೆ. ಮುಂದಿನ ಬದಿ ಎತ್ತರಕ್ಕೆ ಬರುವಂತೆ ಗಾಡಿ ನಿಲ್ಲಿಸಿ, ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು, ಕೂಲಂಟನ್ನು ನಿಧಾನ ಸುರಿಯಿರಿ. ಎಂಜಿನ್ ಬಿಸಿಯಾದ ಮೇಲೂ ಹೀಟರಿನಿಂದ ತಣ್ಣನೆ ಗಾಳಿ ಬರುತ್ತಿದ್ದರೆ ಕೂಲಂಟ್ ದಾರಿಯಲ್ಲಿ ಇನ್ನೂ ಗಾಳಿ ಇರಬಹುದು.

ಮತ್ತೆ ಜೋಡಿಸಿದಾಗ, ಸೆಲ್ಫ್ ಹೊಡೆಯುವ ಮೊದಲು ಕ್ರ್ಯಾಂಕನ್ನು ಸ್ಪ್ಯಾನರಿನಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ನಿಂತರೆ ಬಲ ಹಾಕದೆ ಟೈಮಿಂಗ್ ಗುರುತು ಮತ್ತೆ ನೋಡಿ. ಆಯಿಲಿಗೆ ಕೂಲಂಟ್ ಬೆರೆತಿದ್ದ ಎಂಜಿನ್ ಆಗಿದ್ದರೆ ಹೊಸ ಆಯಿಲ್, ಫಿಲ್ಟರ್ ಹಾಕಿ, 500 ಕಿ.ಮೀ. ಒಳಗೆ ಅವೆರಡನ್ನೂ ಮತ್ತೊಮ್ಮೆ ಬದಲಿಸಿ. ಬರೀ ಟಾರ್ಕ್ ಲೆಕ್ಕದ ಹಳೆಯ ಬೋಲ್ಟ್ ಮತ್ತು ಕಾಂಪೊಸಿಟ್ ಗ್ಯಾಸ್ಕೆಟ್ ಇದ್ದರೆ ಮ್ಯಾನ್ಯುಯಲ್ ಹೇಳಿದ ದೂರ ಓಡಿದ ಮೇಲೆ ಮರುಬಿಗಿ ಬೇಕು. ಡಿಗ್ರಿ ಲೆಕ್ಕದಲ್ಲಿ ಕೂರಿಸಿದ ಬೋಲ್ಟನ್ನು ಮ್ಯಾನ್ಯುಯಲ್ ಹೇಳದ ಹೊರತು ಮತ್ತೆ ಮುಟ್ಟಬಾರದು.