ಮೂವತ್ತೈದಕ್ಕೇ ಮೊಣಕಾಲು ಸವೆದಿದೆ ಅಂತಾರೆ, ಆಪರೇಷನ್ನೇ ಗತಿಯಾ?

ಇಷ್ಟು ಬೇಗ ಸವೆದರೆ ಮೊದಲು ಹಳೇ ಪೆಟ್ಟು ನೆನಪಿಸಿಕೊಳ್ಳಿ. ಕಬಡ್ಡಿಯಲ್ಲೋ ಬೈಕಿನಿಂದ ಬಿದ್ದೋ ಲಿಗಮೆಂಟ್ (ಎಲುಬುಗಳನ್ನು ಹಿಡಿದಿಡುವ ಪಟ್ಟಿ) ಹರಿದದ್ದನ್ನು ಉಳುಕು ಅಂತ ಎಣ್ಣೆ ತಿಕ್ಕಿ ಬಿಟ್ಟಿದ್ದರೆ, ಹತ್ತು-ಹದಿನೈದು ವರ್ಷದಲ್ಲಿ ಕೀಲಿನ ಮೃದ್ವಸ್ಥಿ, ಅಂದರೆ ಎಲುಬಿನ ತುದಿಯ ನುಣುಪು ಹೊದಿಕೆ, ತೇಯಬಹುದು. ಉಳಿದಂತೆ ತೂಕ, ಬಾಗಿದ ಕಾಲು, ಭಾರ ಹೊರುವ ಕೆಲಸ. ನಮ್ಮ ರಾಯಚೂರು-ಕೊಪ್ಪಳ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡೂ ಇದೆ, ಅತಿಯಾದರೆ ಎಲುಬು-ಕೀಲು ಬಿಗಿಯುತ್ತವೆ. ಬೆನ್ನು, ಕತ್ತು ಬಿಗಿಯುತ್ತಿದ್ದರೆ ಡಾಕ್ಟರಿಗೆ ಅದನ್ನೂ ಹೇಳಿ.

ಆಪರೇಷನ್ ಆಮೇಲೆ. ಮೊದಲು ತೊಡೆ ಗಟ್ಟಿ ಮಾಡಿ: ಕುರ್ಚಿಯಲ್ಲಿ ಕೂತು ಕಾಲು ನೇರ ಚಾಚಿ, ಹತ್ತು ಎಣಿಸಿ ಇಳಿಸಿ, ದಿನಾ. ಮೈತೂಕ 1 ಕೆ.ಜಿ. ಇಳಿದರೆ ಮೊಣಕಾಲಿಗೆ ಹೆಜ್ಜೆಗೆ ಸುಮಾರು 4 ಕೆ.ಜಿ. ಭಾರ ಕಡಿಮೆ. ಸ್ಟೀರಾಯ್ಡ್ ಸೂಜಿಯಿಂದ ನೋವು ತಗ್ಗುವುದು ಕೆಲವು ವಾರದ ಮಾತು. ಕಾಲು ಬಾಗಿದ್ದರೆ ಎಲುಬು ಕೊಯ್ದು ನೇರ ಮಾಡುವುದುಂಟು. ಕೃತಕ ಕೀಲು ಬಾಳುವುದು 20 ವರ್ಷದ ಆಸುಪಾಸು, ಈಗಲೇ ಹಾಕಿಸಿದರೆ ಮತ್ತೆ ಬದಲಿಸಬೇಕಾದೀತು.