ಮೂಗು ಮುಚ್ಚಿಕೊಂಡು ಓದಿದವರಿಗೆ

ಕಳೆದ ಸಂಚಿಕೆಯಲ್ಲಿ ಕೊಳಚೆ ಶುದ್ಧೀಕರಣ ಘಟಕದ ಕೆಲಸಗಾರರ ಬಗ್ಗೆ ಬಂದ ಲೇಖನ ಓದಿ ಓದುಗರೊಬ್ಬರು ಬೇಸರದಿಂದ ಬರೆದಿದ್ದಾರೆ: ‘ಇದಕ್ಕೆ ನಾಲ್ಕು ಪುಟ ಬೇಕಿತ್ತೆ? ಇದು ಮೈ ಬಗ್ಗಿಸಿ ಮಾಡುವ ಕೆಲಸ, ತಲೆ ಓಡಿಸುವುದಲ್ಲ. ಹೇಗೂ ನಾಳೆ ಯಂತ್ರ ಬರುತ್ತದೆ. ಚಿತ್ರದಡಿ “ತೆರೆಮರೆಯ ವೀರರು” ಎಂದದ್ದಂತೂ ಬರೀ ಬೆಣ್ಣೆ ಮಾತು.’

ಮೂರರಲ್ಲಿ ಒಂದನ್ನು ಒಪ್ಪುತ್ತೇನೆ. ಯಾವುದೆಂದು ಆಮೇಲೆ.

ಮೊದಲು ತಲೆಯ ವಿಚಾರ. ಗಾಳಿಯೂದಿ ಸೂಕ್ಷ್ಮಜೀವಿಗಳಿಂದ ಕೊಳಚೆಯನ್ನು ತಿನ್ನಿಸುವ ಪದ್ಧತಿಯನ್ನು ಆರ್ಡರ್ನ್ ಮತ್ತು ಲಾಕೆಟ್ ಎಂಬ ಸಂಶೋಧಕರು 1914ರಲ್ಲಿ ಮ್ಯಾಂಚೆಸ್ಟರಿನ ಪ್ರಯೋಗಗಳಿಂದ ಪ್ರಕಟಿಸಿದರು. ಇಂದಿಗೂ ಅದನ್ನು ನಡೆಸುವಾತ ಒಂದು ಲೀಟರಿನ ಜಾಡಿಯಲ್ಲಿ ಕಂದು ರಾಡಿ ತುಂಬಿ, 30 ನಿಮಿಷ ಕದಲಿಸದೆ ಇಟ್ಟು, ಎಷ್ಟು ತಳಕ್ಕಿಳಿಯಿತೆಂದು ನೋಡುತ್ತಾನೆ. ತೊಟ್ಟಿಯ ನೊರೆ ಬಿಳಿಯಾಗಿ ಉಬ್ಬಿದರೆ ಸೂಕ್ಷ್ಮಜೀವಿಗಳ ಆ ಕೆಸರು ಇನ್ನೂ ಎಳಸು. ಜಿಡ್ಡುಜಿಡ್ಡಾಗಿ ಕಡುಕಂದಾದರೆ ಮುದಿಯಾಗಿದೆ. ಮಣ್ಣಿನ ವಾಸನೆ ಬಂದರೆ ಎಲ್ಲ ಸರಿ.

ಅದೇ ಮೂಗು, ಮುಚ್ಚಿದ ಗುಂಡಿಯೊಳಗೆ, ದ್ರೋಹ ಬಗೆಯುತ್ತದೆ. ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹತ್ತು ಲಕ್ಷ ಭಾಗ ಗಾಳಿಗೆ ಸುಮಾರು 100 ಭಾಗವಾಯಿತೆಂದರೆ ಘ್ರಾಣಶಕ್ತಿಯೇ ಮರಗಟ್ಟುತ್ತದೆ. ವಾಸನೆ ಹೋಯಿತು ಎಂದು ಹೊಸಬ ನಿಟ್ಟುಸಿರು ಬಿಡುವ ಹೊತ್ತಿಗೆ ಹಳಬ ಅವನ ರಟ್ಟೆ ಹಿಡಿದು ಮೇಲಕ್ಕೆಳೆಯುತ್ತಾನೆ. ಮೇಲೆ ಅಳೆದಾಗ ಏನೂ ತೋರದ ಗುಂಡಿ, ಕೆಸರು ಕದಡಿದೊಡನೆ ಅನಿಲ ಉಗುಳಬಹುದು. ಬಿದ್ದವನನ್ನು ಎತ್ತಲು ಹಗ್ಗವಿಲ್ಲದೆ ಇಳಿದವನೂ ಎಷ್ಟೋ ಸಲ ಎರಡನೆಯ ಹೆಣವಾಗುತ್ತಾನೆ. ಇದನ್ನೆಲ್ಲ ಬಲ್ಲವನಿಗೆ ತಲೆ ಬೇಡವೆ?

ಯಂತ್ರ ಬರಲಿ, ಮನುಷ್ಯ ಗುಂಡಿಗಿಳಿಯದಿದ್ದರೆ ನನಗಂತೂ ಸಂತೋಷ. ಆದರೆ 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಬಡಾವಣೆಯ ಕೆಳಗಿನ ಒಳಚರಂಡಿಯಲ್ಲಿ 250 ಮೀಟರ್ ಉದ್ದ, ಸುಮಾರು 130 ಟನ್ ತೂಕದ ಕೊಬ್ಬಿನ ಗಡ್ಡೆ ಸಿಕ್ಕಿತಲ್ಲ, ನೀರಿನ ಜೆಟ್ ಇದ್ದರೂ ಅದನ್ನು ಒಡೆಯಲು ಸಲಿಕೆ ಹಿಡಿದವರೂ ಬೇಕಾದರು, ವಾರಗಟ್ಟಲೆ. ಅಡುಗೆಯ ಜಿಡ್ಡು, ಒದ್ದೆ ಒರೆಸುಹಾಳೆ ಸೇರಿ ಕಲ್ಲಾಗಿತ್ತು. ಮರುವರ್ಷ ಅದರ ತುಂಡೊಂದನ್ನು ಮ್ಯೂಸಿಯಮ್ಮಿನಲ್ಲಿಟ್ಟರು. (ಸಲಿಕೆ ಹಿಡಿದವರ ಹೆಸರು ಎಷ್ಟು ಜನರಿಗೆ ಗೊತ್ತು?)

ಒಪ್ಪುವುದು ‘ವೀರರು’ ಎಂಬ ಮಾತಿನ ಬಗ್ಗೆ. ಆ ಅಡಿಬರಹ ನನ್ನದೇ, ಲೇಖಕರದ್ದಲ್ಲ. ವೀರ ಎಂದುಬಿಟ್ಟರೆ ಅನಿಲಮಾಪಕ, ಉಸಿರಾಟದ ಮುಖವಾಡ, ಸರಿಯಾದ ಸಂಬಳ ಇವುಗಳ ಪ್ರಶ್ನೆ ಅಲ್ಲಿಗೇ ಮುಗಿದುಹೋಗುತ್ತದೆ. ಆ ಸಾಲನ್ನು ಹೀಗೆ ತಿದ್ದಿ ಓದಿಕೊಳ್ಳಬೇಕಾಗಿ ಕೋರಿಕೆ: ‘ಗುಂಡಿಯ ಬಾಯಲ್ಲಿ ಹಗ್ಗ ಹಿಡಿದು ನಿಂತ ಕಾವಲುಗಾರ, ಪಾಳಿಯ ಮೂರನೆಯ ಗಂಟೆ.’

— ಸಂಪಾದಕ